ಗಡ್ಡೆ ಇದೆ ಅಂದರೆ ಸಾಕೇ?

(ಚಿಕ್ಕಮ್ಮ ಅರಸೀಕೆರೆ ಕಡೆಯ ಉಪಕೇಂದ್ರವೊಂದರಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತರಾದವರು. ಊರಿನವರಿಗೆ ಅವರು ಇಂದಿಗೂ ನರ್ಸಮ್ಮನೇ. ಮಗಳು ಅಂದರೆ ಅವರ ಅಕ್ಕನ ಮಗಳು, ಹಾಸನದಲ್ಲಿ ರೇಡಿಯಾಲಜಿಸ್ಟ್. ಚಿಕ್ಕಮ್ಮನ ಕೈಚೀಲದಲ್ಲಿ ಊರಿನ ಹೆಂಗಸರ ಸ್ಕ್ಯಾನಿಂಗ್ ರಿಪೋರ್ಟುಗಳ ಕಟ್ಟು.)

ಚಿಕ್ಕಮ್ಮ: ಈ ರಿಪೋರ್ಟು ಮೊದಲು ನೋಡೇ. ಮೂವತ್ತೆಂಟು ವಯಸ್ಸು. ಗರ್ಭಕೋಶದಲ್ಲಿ ಫೈಬ್ರಾಯ್ಡು ಅಂತ ಬರೆದಿದ್ದಾರೆ. ಗಡ್ಡೆ ಇದೆ, ಗರ್ಭಕೋಶ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ ಅಂದರಂತೆ. ಅವಳು ರಾತ್ರಿಯೆಲ್ಲ ಅತ್ತಿದ್ದಾಳೆ.

ಮಗಳು: ಯಾರು ಹಾಗಂದಿದ್ದು? ಸ್ಕ್ಯಾನ್ ಮಾಡಿದವರೋ, ಆಪರೇಷನ್ ಮಾಡೋವರೋ?

ಚಿಕ್ಕಮ್ಮ: ಅದರಲ್ಲೇನು ವ್ಯತ್ಯಾಸ? ಒಂದೇ ಕಟ್ಟಡ. ಕೆಳಗೆ ಸ್ಕ್ಯಾನಿಂಗು, ಮೇಲೆ ಥಿಯೇಟರು.

ಮಗಳು: ವ್ಯತ್ಯಾಸ ಇದೆ ಚಿಕ್ಕಮ್ಮ. ಏನಿದೆ, ಎಲ್ಲಿದೆ, ಎಷ್ಟು ದೊಡ್ಡದಿದೆ ಅಂತ ಸ್ಕ್ಯಾನು ಹೇಳುತ್ತೆ. ಅವಳ ನೋವಿಗೆ ಅದೇ ಕಾರಣವಾ ಅಂತ ಹೇಳೋ ಶಕ್ತಿ ಅದಕ್ಕಿಲ್ಲ. ಇಲ್ಲಿ ಬರೆದಿರೋದು ನೋಡಿ: ಗರ್ಭಕೋಶದ ಹೊರಮೈಗೆ ಅಂಟಿಕೊಂಡ ಮೂರು ಸೆಂಟಿಮೀಟರ್ ಗಡ್ಡೆ. ಯಾಕೆ ಸ್ಕ್ಯಾನ್ ಮಾಡಿಸಿದಳು?

ಚಿಕ್ಕಮ್ಮ: ಸೊಂಟ ನೋವು ಅಂತ.

ಮಗಳು: ಮುಟ್ಟು?

ಚಿಕ್ಕಮ್ಮ: ಅದೆಲ್ಲ ಸರಿಯಾಗಿದೆ. ನಾಲ್ಕು ದಿನ, ಬಟ್ಟೆ ತೊಯ್ಯೋ ಹಾಗೇನೂ ಹೋಗಲ್ಲ. ರಕ್ತ ಹನ್ನೊಂದೂವರೆ ಇದೆ. ಗಾರೆ ಕೆಲಸ ಅವಳದ್ದು, ಬೆಳಗಿಂದ ಸಂಜೆ ತನಕ ಬಾಂಡ್ಲಿ ಹೊರ್ತಾಳೆ.

ಮಗಳು: ಹಾಗಾದರೆ ಸೊಂಟ ನೋವಿಗೆ ಬಾಂಡ್ಲಿ ಬಿಟ್ಟು ಗಡ್ಡೇನೇ ಯಾಕೆ ಹಿಡಕೊಂಡರು? ಆ ಜಾಗದಲ್ಲಿ ಆ ಗಾತ್ರದ ಫೈಬ್ರಾಯ್ಡು ಸಾಮಾನ್ಯವಾಗಿ ಏನೂ ತೊಂದರೆ ಕೊಡಲ್ಲ. ಅಮೆರಿಕದಲ್ಲಿ ಹೆಂಗಸರನ್ನು ಸುಮ್ಮನೆ ಕರೆದು ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯ್ತು. ಐವತ್ತು ವರ್ಷ ಆಗೋ ಹೊತ್ತಿಗೆ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಎಪ್ಪತ್ತರ ಹತ್ತಿರ, ಕಪ್ಪು ಹೆಂಗಸರಲ್ಲಿ ಎಂಬತ್ತಕ್ಕೂ ಮೇಲೆ ಫೈಬ್ರಾಯ್ಡು ಬಂದಿರುತ್ತೆ ಅಂತ ಅವರ ಅಂದಾಜು. ತಮಗೆ ಅದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಇದು ಸ್ನಾಯುವಿನ ಗಂಟು ಅಷ್ಟೇ. ಕ್ಯಾನ್ಸರ್ ಗಡ್ಡೆ ಇದರ ಮಧ್ಯೆ ಸಿಗೋದು ಬಹಳ ಅಪರೂಪ. ಮುಟ್ಟು ನಿಂತ ಮೇಲೆ ಬಹುಪಾಲು ಗಡ್ಡೆಗಳು ತಾವಾಗೇ ಕುಗ್ಗುತ್ವೆ.

ಚಿಕ್ಕಮ್ಮ: ಹಾಗಾದರೆ ಈ ಮಿಷನ್ ಬಂದಿದ್ದೇ ಕೆಟ್ಟದಾಯ್ತು ಅನ್ನು. ಮೊದಲು ಗೊತ್ತಾಗ್ತಾನೇ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಮಗಳು: ಹಾಗನ್ನಬೇಡಿ. ಈ ಮಿಷನ್ ಶುರುವಾಗಿದ್ದೇ ಸಾಯೋ ಹೆಂಗಸನ್ನ ಬದುಕಿಸಿ. ಅದು ಮೊದಲು ಪಾಠ ಕಲಿತಿದ್ದು ಬಸುರಿಯರ ಹೊಟ್ಟೆ ಮೇಲಲ್ಲ, ಇವೇ ಫೈಬ್ರಾಯ್ಡು, ಸಿಸ್ಟುಗಳ ಮೇಲೆ.

ಚಿಕ್ಕಮ್ಮ: ಹೌದಾ? ಮಗು ನೋಡೋಕೇ ಕಂಡುಹಿಡಿದಿದ್ದು ಅಂದುಕೊಂಡಿದ್ದೆ.

ಮಗಳು: ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯನ್ ಡೊನಾಲ್ಡ್ ಅಂತ ಪ್ರಸೂತಿ ಪ್ರೊಫೆಸರ್ ಇದ್ದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದು ರಾಡಾರು, ಸೋನಾರು ಎಲ್ಲ ನೋಡಿದ್ದವರು. ಹತ್ತಿರದ ರೆನ್‌ಫ್ರೂನಲ್ಲಿ ಬಾಯ್ಲರ್ ಮಾಡೋ ದೊಡ್ಡ ಕಾರ್ಖಾನೆ, ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್. ಲೋಹದೊಳಗೆ ಬಿರುಕಿದೆಯಾ ಅಂತ ಶಬ್ದ ಕಳಿಸಿ ಪತ್ತೆ ಮಾಡೋ ಯಂತ್ರ ಅಲ್ಲಿತ್ತು. 1955ರ ಜುಲೈನಲ್ಲಿ ಡೊನಾಲ್ಡ್ ಆಪರೇಷನ್ನಿನಲ್ಲಿ ತೆಗೆದಿದ್ದ ಫೈಬ್ರಾಯ್ಡುಗಳನ್ನೂ ಅಂಡಾಶಯದ ಸಿಸ್ಟುಗಳನ್ನೂ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಆ ಕಾರ್ಖಾನೆಗೆ ಹೋದರು. ಹೋಲಿಸಿ ನೋಡೋಕೆ ಇರಲಿ ಅಂತ ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನ ತಂದಿಟ್ಟಿದ್ದರಂತೆ.

ಚಿಕ್ಕಮ್ಮ: ಅಯ್ಯೋ ರಾಮ! ಬಾಯ್ಲರ್ ಫ್ಯಾಕ್ಟರೀಲಿ ಹೆಂಗಸರ ಗಡ್ಡೆ!

ಮಗಳು: ಆವತ್ತು ಚಿತ್ರ ಅಂತ ಏನೂ ಇರಲಿಲ್ಲ, ಪರದೆ ಮೇಲೆ ಏರಿಳಿಯೋ ಗೆರೆ ಮಾತ್ರ. ಅಷ್ಟರಲ್ಲೇ ಎರಡೂ ಬೇರೆ ಬೇರೆ ಅಂತ ಕಾಣಿಸ್ತು. ಸಿಸ್ಟಿನೊಳಗೆ ಬರೀ ನೀರು. ಶಬ್ದ ಅಡ್ಡಿಯಿಲ್ಲದೆ ಹೋಗಿ ಆಚೆ ಗೋಡೆಗೆ ಬಡಿದು ಜೋರಾಗಿ ಹಿಂದಕ್ಕೆ ಬಂತು. ಫೈಬ್ರಾಯ್ಡು ಗಟ್ಟಿ. ಅದು ಶಬ್ದವನ್ನ ನುಂಗುತ್ತಾ ಹೋಯ್ತು, ಗೆರೆ ಮೆಲ್ಲಗೆ ಇಳೀತಾ ಬಂತು.

ಚಿಕ್ಕಮ್ಮ: ಕೊಬ್ಬರಿ ಅಟ್ಟದಲ್ಲಿ ಕಾಯಿ ಅಲ್ಲಾಡಿಸಿ ಒಳಗೆ ನೀರು ಇಂಗಿದೆಯಾ ಅಂತ ಕಿವಿಗೆ ಹಿಡೀತೀವಲ್ಲ, ಹಾಗೆ.

ಮಗಳು: ಹಾಗೇ ಅನ್ನಿ. ಇವತ್ತು ನಾನು ಲಕ್ಷಗಟ್ಟಲೆ ಬೆಲೆಯ ಯಂತ್ರದ ಮುಂದೆ ಕೂತು ನೋಡೋದೂ ಇದನ್ನೇ. ಸಿಸ್ಟು ಪೂರ್ತಿ ಕಪ್ಪಗೆ ಕಾಣುತ್ತೆ, ಅದರ ಹಿಂದಿನ ಭಾಗ ಬೆಳ್ಳಗೆ ಹೊಳೆಯುತ್ತೆ. ಫೈಬ್ರಾಯ್ಡಿನ ಹಿಂದೆ ಪಟ್ಟೆ ಪಟ್ಟೆ ನೆರಳು ಬೀಳುತ್ತೆ. ಆಮೇಲೆ ಟಾಮ್ ಬ್ರೌನ್ ಅನ್ನೋ ಎಂಜಿನಿಯರು, ಜಾನ್ ಮ್ಯಾಕ್‌ವಿಕರ್ ಅನ್ನೋ ಡಾಕ್ಟರು ಡೊನಾಲ್ಡ್ ಜೊತೆ ಸೇರಿ ಯಂತ್ರವನ್ನ ರೋಗಿಗಳ ಹತ್ತಿರಕ್ಕೆ ತಂದರು. ಒಬ್ಬ ಹೆಂಗಸಿಗೆ ಹೊಟ್ಟೆ ಉಬ್ಬಿತ್ತು, ಮೈ ಇಳಿದುಹೋಗಿತ್ತು. ಜಠರದ ಕ್ಯಾನ್ಸರು, ಹೊಟ್ಟೆಯಲ್ಲಿ ನೀರು ತುಂಬಿದೆ, ಇನ್ನು ಏನೂ ಮಾಡೋ ಹಾಗಿಲ್ಲ ಅಂತ ಸರ್ಜನ್ನರು ಕೈಬಿಟ್ಟಿದ್ದರು. ಡೊನಾಲ್ಡ್ ತಂಡ ಶಬ್ದ ಹಾಯಿಸಿ ನೋಡಿದಾಗ ಆ ನೀರೆಲ್ಲ ಒಂದೇ ಚೀಲದೊಳಗಿತ್ತು. ಅಂಡಾಶಯದ ದೊಡ್ಡ ಸಿಸ್ಟು! ಅದನ್ನ ತೆಗೆದರು, ಆಕೆ ಬದುಕಿದಳು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು.

ಚಿಕ್ಕಮ್ಮ: ಬೇಡದ ಕಡೆ ಹೆದರಿಸೋಕೆ ಅಂತ ಮಾಡಿದ್ದಲ್ಲ ಅನ್ನು.

ಮಗಳು: ಅಲ್ಲವೇ ಅಲ್ಲ. ಕೈಯಲ್ಲಿ ಒತ್ತಿ ನೋಡಿ ಊಹೆ ಮಾಡ್ತಿದ್ದ ಕಡೆ ಅನುಮಾನ ತೆಗೆಯೋಕೆ ಬಂದಿದ್ದು. ಈಗ ಅದೇ ಅನುಮಾನ ಹುಟ್ಟಿಸ್ತಿದೆ. ತಪ್ಪು ಯಂತ್ರದ್ದಲ್ಲ, ಓದೋವರದ್ದು, ಓದಿ ಹೇಳೋವರದ್ದು.

ಚಿಕ್ಕಮ್ಮ: ಇರಲಿ, ನನಗೊಂದು ಹಳೇ ಸಂಶಯ. ಸ್ಕ್ಯಾನಿಂಗಿಗೆ ಕಳಿಸಿದರೆ ನೀರು ಕುಡೀರಿ, ಉಚ್ಚೆ ಕಟ್ಟಿಕೊಳ್ಳಿ ಅಂತಾರೆ. ನಮ್ಮ ಹೆಂಗಸರು ಬೆಂಚಿನ ಮೇಲೆ ಕೂತು ಒದ್ದಾಡೋದು ನೋಡೋಕಾಗಲ್ಲ. ಆಮೇಲೆ ಇನ್ನೊಬ್ಬರು ಬಂದು ಉಚ್ಚೆ ಹುಯ್ದು ಬನ್ನಿ ಅಂತಾರೆ. ಯಾವುದು ಸರಿ?

ಮಗಳು: ಎರಡೂ ಸರಿ. ಶಬ್ದಕ್ಕೆ ಗಾಳಿ ಅಂದರೆ ಗೋಡೆ. ಕರುಳಲ್ಲಿ ಗ್ಯಾಸ್ ಇರುತ್ತಲ್ಲ, ಅದರಾಚೆ ಏನೂ ಕಾಣಲ್ಲ. ಮೂತ್ರಕೋಶ ತುಂಬಿದರೆ ಕರುಳು ಪಕ್ಕಕ್ಕೆ ಸರಿಯುತ್ತೆ, ನೀರಿನ ಮೂಲಕ ಗರ್ಭಕೋಶ ಚೆನ್ನಾಗಿ ಕಾಣುತ್ತೆ. ಹೊಟ್ಟೆಗೆ ಜೆಲ್ ಹಚ್ಚೋದೂ ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಇರಬಾರದು ಅಂತಲೇ. ಒಳಗಿಂದ ಮಾಡೋ ಸ್ಕ್ಯಾನು, ಟಿವಿಎಸ್ ಅಂತಾರಲ್ಲ, ಅದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಪ್ರೋಬು ಗರ್ಭಕೋಶದ ಪಕ್ಕಕ್ಕೇ ಹೋಗೋದರಿಂದ ಸಣ್ಣದೂ ಸ್ಪಷ್ಟವಾಗಿ ಕಾಣುತ್ತೆ. ಹೊಕ್ಕುಳು ತನಕ ಬೆಳೆದ ದೊಡ್ಡ ಗಡ್ಡೆ ಮಾತ್ರ ಹೊಟ್ಟೆ ಮೇಲಿಂದಲೇ ನೋಡಬೇಕು. ಎಷ್ಟೋ ಸಲ ಎರಡೂ ಮಾಡ್ತೀವಿ.

ಚಿಕ್ಕಮ್ಮ: ಮದುವೆಯಾಗದ ಹುಡುಗಿಗೆ ಒಳಗಿಂದ ಮಾಡ್ತೀವಿ ಅಂದರೆ ತಾಯಂದಿರು ಎದ್ದೇ ಹೋಗ್ತಾರೆ.

ಮಗಳು: ಅವರಿಗೆ ನಾವು ಮಾಡೋದೂ ಇಲ್ಲ. ಹೊಟ್ಟೆ ಮೇಲಿಂದಲೇ ನೋಡ್ತೀವಿ, ಸಾಲದಿದ್ದರೆ ಎಂಆರ್‌ಐ. ಮದುವೆಯಾದವರಿಗೂ ಕೇಳಿ, ವಿವರಿಸಿ, ಒಪ್ಪಿದರೆ ಮಾತ್ರ. ಪಕ್ಕದಲ್ಲಿ ಒಬ್ಬ ನರ್ಸ್ ಇರಲೇಬೇಕು.

ಚಿಕ್ಕಮ್ಮ: ಇನ್ನೊಂದು, ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅಂತ ಬೋರ್ಡು ನೋಡಿ ಗಡ್ಡೆ ತೋರಿಸೋಕೆ ಬಂದೋರೂ ಹೆದರಿಕೊಳ್ತಾರೆ, ನಮ್ಮ ಮೇಲೇನಾದರೂ ಕೇಸಾ ಅಂತ.

ಮಗಳು: ಆ ಬೋರ್ಡು ಕಾನೂನು ಪ್ರಕಾರ ಎಲ್ಲ ಸ್ಕ್ಯಾನಿಂಗ್ ಸೆಂಟರಲ್ಲೂ ಇರಬೇಕು, 1994ರ ಕಾಯ್ದೆ. ಆ ಕಾಯ್ದೆಯ ಫಾರಂ ಎಫ್ ತುಂಬೋದು ಬಸುರಿಯರಿಗೆ ಮಾತ್ರ. ಗಡ್ಡೆ ತೋರಿಸೋವರಿಗೆ ಅದರ ಗೊಡವೆ ಇಲ್ಲ.

ಚಿಕ್ಕಮ್ಮ: ಸರಿ, ಫೈಬ್ರಾಯ್ಡಿಗೆ ಬಾ. ಎಷ್ಟು ದೊಡ್ಡದಾದರೆ ತೆಗೆಸಬೇಕು? ನಮ್ಮ ಕಡೆ ನಿಂಬೆಹಣ್ಣಿನ ಗಾತ್ರ, ಮೂಸಂಬಿ ಗಾತ್ರ ಅಂತ ಹಣ್ಣಿನಂಗಡಿ ಲೆಕ್ಕದಲ್ಲೇ ಹೇಳ್ತಾರೆ.

ಮಗಳು: ಗಾತ್ರಕ್ಕಿಂತ ಜಾಗ ಮುಖ್ಯ. ಅದಕ್ಕೇ 2011ರಲ್ಲಿ ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ ಸೊನ್ನೆಯಿಂದ ಎಂಟರವರೆಗೆ ನಂಬರು ಕೊಟ್ಟಿತು. ಸೊನ್ನೆ, ಒಂದು, ಎರಡು ಅಂದರೆ ಗರ್ಭಕೋಶದ ಒಳಪದರಕ್ಕೆ ಚಾಚಿಕೊಂಡಿರೋವು. ಎರಡು ಸೆಂಟಿಮೀಟರಿನದ್ದೇ ಇರಲಿ, ಅಲ್ಲಿದ್ದರೆ ಮುಟ್ಟಿನಲ್ಲಿ ಧಾರಾಕಾರ ರಕ್ತ. ನಿಮ್ಮ ಬಾಂಡ್ಲಿ ಹೊರೋವಳದ್ದು ಆರೋ ಏಳೋ ನಂಬರು, ಹೊರಗಡೆ. ಅದೇ ಜಾಗದಲ್ಲಿ ಏಳೆಂಟು ಸೆಂಟಿಮೀಟರು ಬೆಳೆದರೂ ಕೆಲವರಿಗೆ ಗೊತ್ತೇ ಆಗಲ್ಲ. ಇನ್ನು ಕೆಲವರಿಗೆ ಮೂತ್ರಕೋಶ ಒತ್ತಿ ಪದೇ ಪದೇ ಹೋಗಬೇಕು ಅನ್ನಿಸುತ್ತೆ. ಅದಕ್ಕೇ ರಿಪೋರ್ಟಲ್ಲಿ ‘ಫೈಬ್ರಾಯ್ಡ್ ಇದೆ’ ಅಂತ ಒಂದು ಸಾಲು ಬರೆದು ಸುಮ್ಮನಾಗೋದು ನನ್ನ ಪ್ರಕಾರ ಅರ್ಧ ಕೆಲಸ. ಎಷ್ಟಿವೆ, ಯಾವ ಗೋಡೆಯಲ್ಲಿವೆ, ಒಳಪದರ ತಳ್ಳಿವೆಯಾ, ಇದನ್ನೆಲ್ಲ ಬರೀಬೇಕು. ಒಳಪದರದ ಬಗ್ಗೆ ಅನುಮಾನ ಬಂದರೆ ಗರ್ಭಕೋಶದೊಳಗೆ ಸ್ವಲ್ಪ ಸಲೈನ್ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಗಡ್ಡೆ ಎಷ್ಟು ಒಳಗೆ ಬಂದಿದೆ ಅಂತ ಗೊತ್ತಾಗುತ್ತೆ.

ಚಿಕ್ಕಮ್ಮ: ನಾನು ಕಂಡ ಒಬ್ಬಳಿಗೆ ರಕ್ತ ಆರಕ್ಕಿಳಿದಿತ್ತು. ಐದು ವರ್ಷ ಕಬ್ಬಿಣದ ಮಾತ್ರೆ ನುಂಗಿಸಿದ್ದೇ ಬಂತು. ಒಳಗಿನ ಗಡ್ಡೆ ನೋಡಿದವರೇ ಇಲ್ಲ.

ಮಗಳು: ಅಲ್ಲಿ ಸ್ಕ್ಯಾನ್ ಬೇಕೇ ಬೇಕು. ಆ ಗಡ್ಡೆಯನ್ನ ಹೊಟ್ಟೆ ಕೊಯ್ಯದೆ ಒಳಗಿಂದಲೇ ಕೆರೆದು ತೆಗೀಬಹುದು, ಗರ್ಭಕೋಶ ಉಳಿಯುತ್ತೆ. ಮಾತ್ರೆಗಳಿವೆ, ಹಾರ್ಮೋನ್ ಬಿಡೋ ವಂಕಿ ಇದೆ. ರಕ್ತನಾಳದೊಳಗೆ ಸಣ್ಣ ನಳಿಕೆ ಕಳಿಸಿ ಗಡ್ಡೆಗೆ ರಕ್ತ ಹೋಗದ ಹಾಗೆ ಮಾಡೋದೂ ಇದೆ. ಫ್ರಾನ್ಸಿನ ಡಾಕ್ಟರುಗಳು 1995ರಲ್ಲಿ ಅದನ್ನ ಬರೆದರು. ದೊಡ್ಡ ಊರುಗಳಲ್ಲಿ ನಮ್ಮ ರೇಡಿಯಾಲಜಿಯವರೇ ಅದನ್ನ ಮಾಡ್ತಾರೆ.

ಚಿಕ್ಕಮ್ಮ: ಈಗ ಈ ಹುಡುಗಿದು ನೋಡು. ಇಪ್ಪತ್ತಾರು. ಬಲ ಅಂಡಾಶಯದಲ್ಲಿ ಸಿಸ್ಟು, 3.4 ಸೆಂಟಿಮೀಟರ್. ಮದುವೆ ಗೊತ್ತಾಗಿತ್ತು, ಗಂಡಿನ ಕಡೆಯವರಿಗೆ ತಿಳಿದರೆ ಅಂತ ತಾಯಿ ಬೇಗ ಆಪರೇಷನ್ ಮಾಡಿಸಿಬಿಡೋಣ ಅಂತಿದ್ದಾರೆ.

ಮಗಳು: ಯಾವ ದಿನ ಸ್ಕ್ಯಾನ್ ಮಾಡಿದ್ದು? ಕೊನೇ ಮುಟ್ಟು ಯಾವಾಗ ಅಂತ ಎಲ್ಲೂ ಬರೆದೇ ಇಲ್ಲವಲ್ಲ! ಚಿಕ್ಕಮ್ಮ, ಅಂಡಾಶಯದ ಕೆಲಸವೇ ತಿಂಗಳು ತಿಂಗಳು ನೀರುಗುಳ್ಳೆ ಮಾಡೋದು. ಒಂದು ಕೋಶ ಎರಡು ಸೆಂಟಿಮೀಟರ್ ತನಕ ಬೆಳೆದು ಒಡೆದು ಅಂಡ ಹೊರಗೆ ಬರುತ್ತೆ. ಕೆಲವೊಮ್ಮೆ ಒಡೆಯಲ್ಲ, ಇನ್ನಷ್ಟು ಉಬ್ಬುತ್ತೆ. ಒಡೆದ ಮೇಲೂ ಆ ಜಾಗದಲ್ಲಿ ಸ್ವಲ್ಪ ರಕ್ತ ತುಂಬಬಹುದು. ಮೂರು ಸೆಂಟಿಮೀಟರ್ ತನಕದ ತಿಳಿನೀರಿನ ಗುಳ್ಳೆಯನ್ನ ಸಿಸ್ಟು ಅಂತ ಕರೆಯೋದೇ ಬೇಡ ಅನ್ನುತ್ತೆ ರೇಡಿಯಾಲಜಿಯವರ ಈಗಿನ ನಿಯಮ. ಐದು ಸೆಂಟಿಮೀಟರ್ ಒಳಗಿನದ್ದಕ್ಕೆ ಮುಟ್ಟಾಗೋ ವಯಸ್ಸಿನವರಲ್ಲಿ ಮತ್ತೆ ನೋಡೋ ಅವಶ್ಯಕತೆಯೂ ಇಲ್ಲ. ಇವಳ ಚಿತ್ರದಲ್ಲಿ ಒಳಗೆ ಬಲೆ ಬಲೆ ಇದೆ, ಹೆಪ್ಪುಗಟ್ಟಿದ ರಕ್ತ ಅದು. ಆರರಿಂದ ಎಂಟು ವಾರ ಬಿಟ್ಟು ನೋಡಿದರೆ ಬಹುಶಃ ಇರಲ್ಲ.

ಚಿಕ್ಕಮ್ಮ: ಕಾಲೇಜು ಹುಡುಗಿಯರಿಗೆಲ್ಲ ಪಿಸಿಒಡಿ ಅಂತ ಬರೀತಾರಲ್ಲ, ಅದೂ ಹೀಗೇನಾ?

ಮಗಳು: ಅಲ್ಲಿರೋದು ಸಿಸ್ಟುಗಳೇ ಅಲ್ಲ, ಅರ್ಧಕ್ಕೆ ನಿಂತ ಕೋಶಗಳು, ಒಂದು ಸೆಂಟಿಮೀಟರ್ ಕೂಡ ಇರಲ್ಲ. ತೆಗೆಸೋ ಪ್ರಶ್ನೆಯೇ ಬರಲ್ಲ. ಹುಡುಗಿ ಮೈನೆರೆದು ಎಂಟು ವರ್ಷ ಆಗೋ ತನಕ ಸ್ಕ್ಯಾನ್ ನೋಡಿ ಪಿಸಿಒಎಸ್ (ನೀವು ಪಿಸಿಒಡಿ ಅಂದಿರಲ್ಲ, ಅದೇ) ಅಂತ ಹೇಳಲೇಬೇಡಿ ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಆ ವಯಸ್ಸಲ್ಲಿ ಏನೂ ತೊಂದರೆ ಇಲ್ಲದ ಎಷ್ಟೋ ಹುಡುಗಿಯರ ಅಂಡಾಶಯವೂ ಹಾಗೇ ಕಾಣುತ್ತೆ.

ಚಿಕ್ಕಮ್ಮ: ಹೆದರಬೇಕಾದ ಸಿಸ್ಟು ಹೇಗಿರುತ್ತೆ ಮತ್ತೆ?

ಮಗಳು: ಒಳಗೆ ಗಟ್ಟಿ ಭಾಗ, ಗೋಡೆಯಿಂದ ಹೊರಟ ಸಣ್ಣ ಸಣ್ಣ ಮೊಳಕೆ, ಆ ಗಟ್ಟಿ ಭಾಗದಲ್ಲಿ ಡಾಪ್ಲರ್ ಹಾಕಿದರೆ ಜೋರು ರಕ್ತಸಂಚಾರ, ಹೊಟ್ಟೆಯಲ್ಲಿ ನೀರು. ಬಹುಪಾಲು ಸಿಸ್ಟುಗಳ ಜಾತಿಯನ್ನ ಅನುಭವ ಇದ್ದವರು ಸ್ಕ್ಯಾನಲ್ಲೇ ಹೇಳ್ತಾರೆ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಎಂಡೊಮೆಟ್ರಿಯೋಸಿಸಿನದ್ದು ಒಳಗೆಲ್ಲ ಒಂದೇ ಸಮ ಮಸುಕು, ಹಳೇ ರಕ್ತ ಕಂದಾಗಿರುತ್ತೆ. ಡರ್ಮಾಯ್ಡ್ ಅಂತ ಇದೆಯಲ್ಲ, ಅದರಲ್ಲಿ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು!

ಚಿಕ್ಕಮ್ಮ: ಅದು ನೋಡಿದೀನಿ. ಮಾಟ ಮಾಡಿಸಿದ್ದಾರೆ ಅಂತ ಒಂದು ಮನೆಯವರು ಬೀದಿ ಜಗಳಕ್ಕೇ ನಿಂತಿದ್ದರು.

ಮಗಳು: ಮಾಟ ಅಲ್ಲ, ಅಂಡಕೋಶಕ್ಕೆ ಯಾವ ಅಂಗಾಂಶವನ್ನಾದರೂ ಬೆಳೆಸೋ ಶಕ್ತಿ ಇದೆ, ಅಷ್ಟೇ. ಆದರೆ ಡರ್ಮಾಯ್ಡು ಇರೋವಳಿಗೆ ಇದ್ದಕ್ಕಿದ್ದಂತೆ ಒಂದು ಕಡೆ ಕಿಬ್ಬೊಟ್ಟೆ ನೋವು, ವಾಂತಿ ಬಂದರೆ ತಡ ಮಾಡಬಾರದು. ಅಂಡಾಶಯ ತಿರುಚಿಕೊಂಡಿರಬಹುದು. ಡಾಪ್ಲರಲ್ಲಿ ರಕ್ತ ಓಡ್ತಿದೆ ಅಂತ ಕಂಡರೂ ತಿರುಚಿಲ್ಲ ಅನ್ನೋ ಹಾಗಿಲ್ಲ. ಗಂಟೆಗಳ ಲೆಕ್ಕ ಅದು.

ಚಿಕ್ಕಮ್ಮ: ಸಿಎ-125 ಅಂತ ರಕ್ತ ಪರೀಕ್ಷೆ ಬರೆದುಕೊಡ್ತಾರೆ. ಜಾಸ್ತಿ ಬಂದರೆ ಕ್ಯಾನ್ಸರ್ರೇ ಅಂತ ತೀರ್ಮಾನ.

ಮಗಳು: ಫೈಬ್ರಾಯ್ಡಿದ್ದರೂ ಏರುತ್ತೆ, ಎಂಡೊಮೆಟ್ರಿಯೋಸಿಸ್ ಇದ್ದರೂ ಏರುತ್ತೆ, ಮುಟ್ಟಾಗಿದ್ದಾಗಲೂ ಏರಬಹುದು. ವಯಸ್ಸಾದವರಲ್ಲಿ ಅದಕ್ಕೆ ಬೆಲೆ ಜಾಸ್ತಿ, ಎಳೇ ಹುಡುಗಿಯರಲ್ಲಿ ಬರೀ ಹೆದರಿಕೆ. ಎಂಆರ್‌ಐ ಬೇರೆ. ಸ್ಕ್ಯಾನಲ್ಲಿ ಬಗೆಹರಿಯದ್ದಕ್ಕೆ, ಹತ್ತಾರು ಗಡ್ಡೆಗಳಲ್ಲಿ ಯಾವುದನ್ನ ತೆಗೀಬೇಕು ಅಂತ ನಕ್ಷೆ ಬೇಕಾದಾಗ ಅದು ಒಳ್ಳೇದು. ಸಿಟಿ ಈ ಕೆಲಸಕ್ಕೆ ಅಷ್ಟು ಬರಲ್ಲ, ವಿಕಿರಣ ಬೇರೆ. ಕ್ಯಾನ್ಸರ್ ಹರಡಿದೆಯಾ ನೋಡೋಕೆ ಮಾತ್ರ ಬೇಕು.

ಚಿಕ್ಕಮ್ಮ: ನೋಡೇ, ನೀನು ಹೇಳೋದೆಲ್ಲ ಓದಿದವರಿಗೆ ಸರಿ. ಆರು ವಾರ ಬಿಟ್ಟು ಬಾ ಅಂದರೆ ಒಂದು ದಿನದ ಕೂಲಿ ಹೋಯ್ತು, ಜೊತೆಗೆ ಬಂದೋನ ಕೂಲಿ ಹೋಯ್ತು, ಬಸ್ಸು, ಊಟ, ಮತ್ತೆ ಸ್ಕ್ಯಾನಿಂಗ್ ದುಡ್ಡು. ಆಸ್ಪತ್ರೆಗೆ ಅಡ್ಮಿಟ್ ಆದರೆ ಸರ್ಕಾರಿ ಕಾರ್ಡಲ್ಲಿ ನಡೆಯುತ್ತೆ, ಕಾದು ನೋಡೋಕೆ ಯಾವ ಕಾರ್ಡೂ ಕೊಡಲ್ಲ. ‘ಮಕ್ಕಳಾದವು, ಇನ್ಯಾಕೆ ಅದು, ತೆಗೆದು ಬಿಸಾಕಿ’ ಅಂತ ಹೆಂಗಸರೇ ಹೇಳ್ತಾರೆ. ಅವರನ್ನ ನಾನು ಹೇಗೆ ಬೈಯಲಿ? ಮುಟ್ಟಿನ ಬಟ್ಟೆ ಒಗೆಯೋಕೆ ನೀರಿಲ್ಲದ ಕಡೆ ಮುಟ್ಟು ನಿಂತರೆ ಸಾಕು ಅನ್ನಿಸಲ್ವಾ?

ಮಗಳು: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಒಪ್ಕೋತೀನಿ. ಆದರೆ ಮೂವತ್ತೈದಕ್ಕೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವಳ ಮೈ ಆ ಕ್ಷಣದಿಂದಲೇ ಬರುತ್ತೆ. ಮೂಳೆ ಸವೆಯುತ್ತೆ, ಹೃದಯದ ಕಾಯಿಲೆಗೆ ದಾರಿಯಾಗುತ್ತೆ. ಕೂಲಿ ಮಾಡೋವಳಿಗೆ ಮೂಳೆ ಹೋದರೆ ಕೂಲಿಯೇ ಹೋದ ಹಾಗೆ. ಆ ಲೆಕ್ಕವನ್ನ ಅವಳಿಗೆ ಯಾರೂ ಹೇಳಿರಲ್ಲ.

ಚಿಕ್ಕಮ್ಮ: ಕಲಬುರಗಿ ಕಡೆ ತಾಂಡಾಗಳಲ್ಲಿ ಆಗಿದ್ದೂ ಇದೇ ಅಲ್ವಾ? ಹೊಟ್ಟೆ ನೋವು, ಬಿಳಿಮುಟ್ಟು ಅಂತ ಹೋದ ಲಂಬಾಣಿ ಹೆಂಗಸರಿಗೆಲ್ಲ ಕ್ಯಾನ್ಸರ್ ಹೆದರಿಕೆ ಹಾಕಿ ಗರ್ಭಚೀಲ ತೆಗೆದುಬಿಟ್ಟಿದ್ದರು. ಪೇಪರಲ್ಲಿ ಓದಿ ನನ್ನ ಕೈಕಾಲು ತಣ್ಣಗಾಗಿತ್ತು.

ಮಗಳು: 2015ರ ಸುಮಾರಿಗೆ ಹೋರಾಟ, ತನಿಖೆ ಎಲ್ಲ ಆಯ್ತು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯೋ ಹೆಂಗಸರದ್ದೂ ಇದೇ ಕಥೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂರಕ್ಕೂ ಹೆಚ್ಚು ಜನಕ್ಕೆ ಗರ್ಭಕೋಶ ಇರಲಿಲ್ಲ. ಆಂಧ್ರದಲ್ಲಿ ಒಂಬತ್ತರ ಹತ್ತಿರ. ಕೊನೆಗೆ ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂತು. ಮೂರು ತಿಂಗಳೊಳಗೆ ಅದನ್ನ ಜಾರಿಗೆ ತನ್ನಿ ಅಂತ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ನಲವತ್ತರ ಒಳಗಿನವರ ಗರ್ಭಕೋಶ ತೆಗೆದರೆ ಯಾಕೆ ಅಂತ ಲೆಕ್ಕ ಒಪ್ಪಿಸಬೇಕು.

ಚಿಕ್ಕಮ್ಮ: ಲೆಕ್ಕದ ಕಾಗದದಲ್ಲಿ ‘ಸ್ಕ್ಯಾನಲ್ಲಿ ಗಡ್ಡೆ ಇತ್ತು’ ಅಂತ ಬರೆದರೆ ಮುಗೀತಲ್ಲ!

ಮಗಳು: ಅದಕ್ಕೇ ನನ್ನಂಥವರು ರಿಪೋರ್ಟು ಬರೆಯೋವಾಗ ಕೈ ಬಿಗಿಹಿಡಿಯಬಾರದು. ‘ಸಾಮಾನ್ಯ ಕೋಶ, ಚಿಕಿತ್ಸೆ ಬೇಡ’, ‘ಈ ಗಡ್ಡೆ ಒಳಪದರ ಮುಟ್ಟಿಲ್ಲ’ ಅಂತ ನಾವು ಬರೆದರೆ ಕತ್ತರಿ ಹಿಡಿದವರಿಗೆ ನೆಪ ಸಿಗಲ್ಲ. ಎಷ್ಟೋ ಸೆಂಟರುಗಳಲ್ಲಿ ಹತ್ತು ನಿಮಿಷ ನೋಡಬೇಕಾದ ಕಡೆ ಎರಡು ನಿಮಿಷ ನೋಡ್ತಾರೆ. ರೋಗಿಯನ್ನ ಕಳಿಸಿಕೊಟ್ಟ ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಅನುಮಾನದ ಮಾತು ಬರೆದು ಜಾರಿಕೊಳ್ತಾರೆ. ಇದು ನಮ್ಮ ವೃತ್ತಿಯ ಹೇಡಿತನ, ಬೇರೆ ಹೆಸರಿಲ್ಲ.

ಚಿಕ್ಕಮ್ಮ: ಹಾಗಾದರೆ ಆ ಸಿಸ್ಟಿನ ಹುಡುಗಿಗೆ ಆರೆಂಟು ವಾರ ಬಿಟ್ಟು, ಮುಟ್ಟು ಮುಗಿದ ವಾರದಲ್ಲಿ ಬಾ ಅಂತೀನಿ. ಗಾರೆ ಕೆಲಸದವಳಿಗೆ ಮೂಳೆ ಡಾಕ್ಟರಿಗೆ ಚೀಟಿ. ಇನ್ನೊಂದು ರಿಪೋರ್ಟಿದೆ, ಅದು ಬಿಡು, ಅವಸರ ಇಲ್ಲ. ಐವತ್ತೆಂಟರ ಮುದುಕಿ. ಮುಟ್ಟು ನಿಂತು ಆರು ವರ್ಷ ಆಯ್ತು. ಎರಡು ಸಲ ಸೀರೆಗೆ ಸ್ವಲ್ಪ ಕಲೆ ಆಗಿತ್ತಂತೆ. ವಯಸ್ಸಾದ ಮೇಲೆ ಹೀಗೆಲ್ಲ ಇರುತ್ತೆ ಅಂತ ಮಾತ್ರೆ ಬರೆದು ಕಳಿಸಿದ್ದಾರೆ. ಗಡ್ಡೆಯೂ ಇಲ್ಲ, ಸಿಸ್ಟೂ ಇಲ್ಲ, ಒಳಪದರ 11 ಮಿಲಿಮೀಟರ್ ಅಂತ ಇದೆ ಅಷ್ಟೇ.

ಮಗಳು: ಕೊಡಿ ಇಲ್ಲಿ. ಚಿಕ್ಕಮ್ಮ, ಈ ಕಟ್ಟಿನಲ್ಲಿ ಮೊದಲು ನೋಡಬೇಕಾದದ್ದೇ ಇದು. ಮುಟ್ಟು ನಿಂತವಳಿಗೆ ರಕ್ತ ಕಂಡಾಗ ಒಳಪದರ ನಾಲ್ಕು ಮಿಲಿಮೀಟರ್ ಒಳಗಿದ್ದರೆ ಸಮಾಧಾನ. ಹನ್ನೊಂದು ಅಂದರೆ ಒಳಗಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು.

ಚಿಕ್ಕಮ್ಮ: ಕ್ಯಾನ್ಸರ್ರಾ?

ಮಗಳು: ಇರಲಿಕ್ಕಿಲ್ಲ, ಹೆಚ್ಚಿನವರಿಗೆ ಇರಲ್ಲ. ಆದರೆ ಚಿತ್ರ ನೋಡಿ ಇಲ್ಲ ಅನ್ನೋಕೆ ನನಗಾಗಲ್ಲ. ಒಂದು ವೇಳೆ ಇದ್ದರೂ ಇಷ್ಟು ಬೇಗ ಸಿಕ್ಕಿದರೆ ಬಹಳ ಜನಕ್ಕೆ ಪೂರ್ತಿ ಗುಣ ಆಗುತ್ತೆ, ಗರ್ಭಕೋಶ ತೆಗೆಯೋದು ನಿಜವಾಗಿ ಬೇಕಾಗೋದು ಅಲ್ಲಿ. ನಾಳೆಯೇ ಹಳೇ ರಿಪೋರ್ಟು, ಫಿಲಂ ಸಮೇತ ಕರ್ಕೊಂಡು ಬನ್ನಿ. ಊರಿನ ಆಶಾ ಕಾರ್ಯಕರ್ತೆಯರಿಗೂ ಹೇಳಿ: ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆಪಟ್ಟು ಮುಚ್ಚಿಡದೆ ಅದೇ ವಾರ ತೋರಿಸಬೇಕು.